ಅಂಥವರು ಯಾರೂ ಇರಲಿಲ್ಲ

ಯಶಸ್ವಿ ಹತ್ತು ವರ್ಷಗಳಿಂದ ವೆಬ್‌ಸೈಟ್ ಮಾಡುತ್ತಿದ್ದಳು. ಆದರೂ ಅವಳ ಕೆಲಸಕ್ಕೆ ಸುಳ್ಯದಲ್ಲಿ ಒಂದು ಹೆಸರಿರಲಿಲ್ಲ. ನೆಂಟರ ಮನೆಗೆ ಹೋದರೆ ಅತ್ತೆಯೇ "ಇವಳು ಕಂಪ್ಯೂಟರಿನಲ್ಲಿ ಎಂತದೋ ಮಾಡುದು" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಕೆಲವರು ಆಧಾರ್ ಕಾರ್ಡು ತಿದ್ದಿಸಲು ಅವಳ ಮನೆಗೆ ಬರುತ್ತಿದ್ದರು.

ಹಾಗಾಗಿಯೇ, ವಲಸೆ ಬರುವವರಿಂದ ಆಸ್ಟ್ರೇಲಿಯಾಕ್ಕೆ ಬೇಕಾದ ವೃತ್ತಿಗಳ ಪಟ್ಟಿಯಲ್ಲಿ 'ವೆಬ್ ಡಿಸೈನರ್' ಎಂಬ ಎರಡು ಪದಗಳನ್ನು, ಪಕ್ಕದಲ್ಲಿ ಆ ವೃತ್ತಿಗೆಂದೇ ಕೊಟ್ಟ ಸಂಖ್ಯೆಯನ್ನು ಕಂಡ ದಿನ ಅವಳು ಅದನ್ನು ಗಂಡನಿಗೆ ಮೂರು ಸಲ ತೋರಿಸಿದಳು. ಹರಿಪ್ರಸಾದ್ ಸುಳ್ಯದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಓದಿ ನೋಡಿ, "ಅಲ್ಲಿ ನೀನು ದೊಡ್ಡ ಜನ, ನಾನು ನಿನ್ನ ಗಂಡ ಅಂತ ಹೇಳಿ ಹೋಗುದು. ನನಗೆ ಅಡ್ಡಿಯಿಲ್ಲ" ಎಂದ.

ವೀಸಾಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆ ಬರೆದಾಯಿತು. ಇನ್ನು ಅವಳ ಕೌಶಲವನ್ನು ಅಲ್ಲಿನ ಸಂಸ್ಥೆಯೊಂದು ಪರಿಶೀಲಿಸಿ, ಈಕೆ ವೆಬ್ ಡಿಸೈನರ್ ಹೌದು ಎಂದು ಒಪ್ಪಬೇಕಿತ್ತು. ಅವಳ ಪದವಿ ಬಿ.ಎ.; ಡಿಸೈನಿಗೆ ಸಂಬಂಧವಿಲ್ಲದ್ದು. ಆದ್ದರಿಂದ ಎಲ್ಲವೂ ಕೆಲಸದ ಅನುಭವದ ಮೇಲೆ ನಿಂತಿತ್ತು. ನವೆಂಬರಿಗೆ ಅವಳಿಗೆ ಮೂವತ್ತಮೂರು ತುಂಬಿದರೆ ವೀಸಾಕ್ಕೆ ಲೆಕ್ಕ ಹಿಡಿಯುವ ವಯಸ್ಸಿನ ಅಂಕ ಕಡಿಮೆಯಾಗುತ್ತಿತ್ತು. "ಹಳೆ ಮಾಲೀಕರ ಪತ್ರ ಮುಖ್ಯ. ಎಷ್ಟು ವರ್ಷ, ವಾರಕ್ಕೆ ಎಷ್ಟು ಗಂಟೆ, ಎಂತೆಂತ ಕೆಲಸ, ಎಲ್ಲ ಅವರೇ ಬರೆದು ಸಹಿ ಹಾಕಬೇಕು" ಎಂದಳು ಮಂಗಳೂರಿನಲ್ಲಿ ವೀಸಾದ ಕೆಲಸ ಮಾಡಿಕೊಡುವ ನಿಖಿತಾ.

ಹಳೆ ಮಾಲೀಕರೆಂದರೆ ಪುತ್ತೂರಿನ ಕಿಟ್ಟಣ್ಣ. ಮದುವೆ ಕಾಗದ ಅಚ್ಚು ಹಾಕುತ್ತಿದ್ದ ಅವರು ಒಂದು ದಿನ ಇದ್ದಕ್ಕಿದ್ದಂತೆ ಅಂಗಡಿಯ ಬೋರ್ಡಿನಲ್ಲಿ 'ವೆಬ್‌ಸೈಟ್ ಮಾಡಿಕೊಡಲಾಗುವುದು' ಎಂದು ಬರೆಸಿಬಿಟ್ಟಿದ್ದರು. ಆಗ ಅವರಿಗೂ ಅದು ಬರುತ್ತಿರಲಿಲ್ಲ. ಇಪ್ಪತ್ತೆರಡರ ಯಶಸ್ವಿ ಕೆಲಸ ಕೇಳಿಕೊಂಡು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರೂ ಒಟ್ಟಿಗೆ ಕಲಿತರು. ಅವಳು ಅಲ್ಲಿ ಎಂಟು ವರ್ಷ ಇದ್ದಳು. ಎರಡು ವರ್ಷದ ಹಿಂದೆ ಕಿಟ್ಟಣ್ಣ ಅಂಗಡಿ ಮುಚ್ಚಿದರು. ಸಾಕಾಯಿತು ಎಂದಷ್ಟೇ ಹೇಳಿದ್ದರು. ಆಮೇಲೆ ಅವಳು ಸುಳ್ಯದ ಮನೆಯಲ್ಲೇ ಕೂತು ಸಿಕ್ಕಿದ ಕೆಲಸ ಮಾಡುತ್ತಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಪುತ್ತೂರಿಗೆ ಹೋದಳು. ಕಿಟ್ಟಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವಳನ್ನು ಕಂಡವರೇ, "ಓ, ಬಾ ಮಾರಾಯ್ತಿ. ಸೇವಂತಿ, ಯಶಸ್ವಿ ಬಂದಿದ್ದಾಳೆ, ಚಾ ಇಡು" ಎಂದರು. ವಿಷಯ ಕೇಳಿ ಅವರಿಗೆ ಆದ ಸಂತೋಷ ಅವಳ ಸಂತೋಷಕ್ಕಿಂತ ದೊಡ್ಡದಾಗಿತ್ತು.

"ನೀನು ಟೈಪ್ ಮಾಡು, ನಾನು ಹೇಳ್ತೇನೆ" ಎಂದು ಕಣ್ಣು ಮುಚ್ಚಿ ಕೂತರು. "ಗಿರಾಕಿಗೆ ಎಂತ ಬೇಕು ಅಂತ ಗಿರಾಕಿಗಿಂತ ಮೊದಲು ತಿಳ್ಕೊಳ್ಳುದು. ಪುಟದ ಅಂದ, ಬಣ್ಣ, ಅಕ್ಷರ ಎಲ್ಲ ಇವಳದ್ದೇ. ಬರೆದಿಯಾ? ಮೊಬೈಲಿನಲ್ಲೂ ಸರಿಯಾಗಿ ಕಾಣುವ ಹಾಗೆ ಮಾಡುದು. ಕೊಯಿಲದ ರಮ್ಲತ್‌ಳ ಆಡಿನ ಫಾರ್ಮಿನ ಸೈಟ್ ನೆನಪುಂಟಾ? ಆಡಿನ ಮುಖ ಸರಿ ಬರ್ಲಿಲ್ಲ ಅಂತ ನೀನು ಮೂರು ದಿನ ಊಟ ಬಿಟ್ಟದ್ದು?"

"ಒಂದು ದಿನ, ಕಿಟ್ಟಣ್ಣ."

"ಮೂರು. ನನಗೆ ಚೆನ್ನಾಗಿ ನೆನಪುಂಟು."

ಅವಳು ನಗುತ್ತಾ ಟೈಪ್ ಮಾಡಿದಳು. ತಾನು ಇಷ್ಟೆಲ್ಲ ಮಾಡಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಎರಡು ಪುಟಕ್ಕೂ ಕಿಟ್ಟಣ್ಣ ಸಹಿ ಹಾಕಿದರು. ಚಾ ತಂದ ಅವರ ಹೆಂಡತಿ ಸೇವಂತಿಯಕ್ಕ ಮಾತ್ರ ನಗಲಿಲ್ಲ. ಯಶಸ್ವಿ ಹೊರಟಾಗ ಗೇಟಿನ ತನಕ ಬಂದು, "ಅದರಲ್ಲಿ ಫೋನ್ ನಂಬರ್ ನನ್ನದು ಹಾಕಿದ್ರೆ ಆಗ್ತದಾ?" ಎಂದು ಕೇಳಿದರು.

"ಇಲ್ಲ ಅಕ್ಕ, ಸಹಿ ಹಾಕಿದವರದ್ದೇ ಆಗಬೇಕಂತೆ."

ಸೇವಂತಿಯಕ್ಕ ಇನ್ನೇನೋ ಹೇಳಲು ಹೊರಟು, "ಸರಿ, ಹೋಗಿ ಬಾ" ಎಂದರು.

ಆಗಸ್ಟಿನಲ್ಲಿ ಆ ಸಂಸ್ಥೆಯಿಂದ ಒಂದು ಮೇಲ್ ಬಂತು. ನಿಮ್ಮ ಮಾಲೀಕರನ್ನು ಕನ್ನಡ ಬಲ್ಲ ನಮ್ಮ ಪ್ರತಿನಿಧಿ ಫೋನಿನಲ್ಲಿ ಮಾತನಾಡಿಸಿದ್ದಾರೆ. ಈ ಹೆಸರಿನವರು ಯಾರೂ ತಮ್ಮಲ್ಲಿ ಕೆಲಸಕ್ಕೆ ಇರಲಿಲ್ಲವೆಂದು ಅವರು ತಿಳಿಸಿದ್ದಾರೆ. ಇದಕ್ಕೆ ನಾಲ್ಕು ವಾರದೊಳಗೆ ಉತ್ತರ ಕೊಡಿ ಎಂದಿತ್ತು. ಯಶಸ್ವಿ ಅದನ್ನು ಓದಿ, ಕುಕ್ಕರ್ ಇಳಿಸಿ, ಮತ್ತೆ ಓದಿದಳು. ಮಧ್ಯಾಹ್ನ ಊಟಕ್ಕೆ ಬಂದ ಹರಿಪ್ರಸಾದ್ ಕೈ ತೊಳೆಯುವ ಮೊದಲೇ ಫೋನನ್ನು ಅವನ ಮುಂದೆ ಹಿಡಿದಳು.

"ಹೊಟ್ಟೆಕಿಚ್ಚಾ?" ಎಂದ ಅವನು.

"ಕಿಟ್ಟಣ್ಣನಿಗೆ?"

"ಮತ್ತೆ ಎಂತ ಹೇಳುದು? ಸಹಿ ಹಾಕಿದವರೇ ಇಲ್ಲ ಅಂದ್ರೆ?"

ಮರುದಿನ ಪುತ್ತೂರಿನ ಬಸ್ಸಿನಲ್ಲಿ ಕೂತು ಕೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಳು. ಕಲಿಸಿದವರು ನೀವೇ, ಇಲ್ಲ ಎನ್ನುವವರೂ ನೀವೇ, ನಾನು ನಿಮಗೆ ಎಂತ ಮಾಡಿದ್ದೆ ಎಂದು ಕೇಳಬೇಕು. ಹಾಗೆ ಅಂದುಕೊಳ್ಳುತ್ತಲೇ ಅವರ ಗೇಟು ತೆಗೆದಳು.

ಕಿಟ್ಟಣ್ಣ ಜಗಲಿಯಲ್ಲೇ ಇದ್ದರು. ಅಂಗಿಯ ಗುಂಡಿ ಒಂದು ಕೆಳಗೆ ಒಂದು ಮೇಲೆ ಹಾಕಿಕೊಂಡಿದ್ದರು. ಅವಳನ್ನು ನೋಡಿ ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟರು.

"ಬನ್ನಿ, ಕೂತ್ಕೊಳ್ಳಿ. ನಿಮಗೆ ಎಂತ ಆಗಬೇಕಿತ್ತು? ಮದುವೆ ಕಾಗದವಾ?"

ಎಂಟು ವರ್ಷದಲ್ಲಿ ಒಂದು ದಿನವೂ ಅವರು ಅವಳನ್ನು 'ನೀವು' ಎಂದಿರಲಿಲ್ಲ. ತಮಾಷೆ ಮಾಡುತ್ತಿದ್ದಾರೆಂದುಕೊಂಡು ಅವಳು ಅವರ ಮುಖ ನೋಡಿದಳು. ಅಲ್ಲಿ ಗಿರಾಕಿಗೆಂದು ಇಟ್ಟುಕೊಂಡ ನಗುವೊಂದೇ ಇತ್ತು.

"ಕಿಟ್ಟಣ್ಣ, ನಾನು ಯಶಸ್ವಿ."

"ಒಳ್ಳೆ ಹೆಸರು. ಹುಡುಗಿಯ ಹೆಸರು ಯಶಸ್ವಿ, ಹುಡುಗನ ಹೆಸರು?"

ಅವರು ಪೆನ್ನು ಹಿಡಿದು ಕಾಯುತ್ತಿದ್ದರು. "ಹರಿಪ್ರಸಾದ್" ಎಂದಳು. ಅವರು ಪೇಪರಿನ ಅಂಚಿನಲ್ಲಿ ಚಂದದ ಅಕ್ಷರದಲ್ಲಿ ಎರಡೂ ಹೆಸರು ಬರೆದುಕೊಂಡರು.

ಸೇವಂತಿಯಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಯಶಸ್ವಿಯನ್ನು ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು.

"ಎರಡು ವರ್ಷ ಆಯ್ತು. ಮೊದಮೊದಲು ಬಿಲ್ಲು ತಪ್ಪುದು, ದಾರಿ ತಪ್ಪುದು. ಅಂಗಡಿ ಮುಚ್ಚಿದ್ದು ಅದಕ್ಕೇ. ಯಾರಿಗೂ ಹೇಳ್ಬೇಡ ಅಂತ ನನ್ನ ಕೈ ಹಿಡಿದು ಹೇಳಿದ್ರು. ಕೆಲವು ದಿನ ಎಲ್ಲ ಸರಿ ಇರ್ತದೆ."

"ಮೇ ತಿಂಗಳಲ್ಲಿ ನಾನು ಬಂದಾಗ?"

"ಅವತ್ತು ಅವರಿಗೆ ಎಲ್ಲ ನೆನಪಿತ್ತಲ್ಲ. ಅಷ್ಟು ಖುಷಿಯಲ್ಲಿ ಅವರನ್ನು ನೋಡದೆ ತಿಂಗಳುಗಳಾಗಿತ್ತು. ಬೇಡ ಅನ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ." ಸೇವಂತಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ನಿನಗೆ ಎಂತಾದ್ರೂ ತೊಂದರೆ ಆಯ್ತಾ?"

ಯಶಸ್ವಿ ಮೇಲ್‌ನಲ್ಲಿದ್ದದ್ದನ್ನು ಹೇಳಿದಳು. ಸೇವಂತಿಯಕ್ಕ ಒಳಗೆ ಹೋಗಿ, ಸೀರೆಗಳ ಅಡಿಯಿಂದ ಒಂದು ಫೈಲು ತಂದರು. ಮಂಗಳೂರಿನ ನರರೋಗ ತಜ್ಞರ ಸರ್ಟಿಫಿಕೇಟು. "ಅವರು ಬೇಕಂತ ಹೇಳಿದ್ದಲ್ಲ. ಮರೆವಿನ ಕಾಯಿಲೆ ಅಂತ ಇದರಲ್ಲಿ ಉಂಟು. ಇದನ್ನು ಕಳಿಸು. ಅಷ್ಟು ದೂರದವರಿಗೆ ಗೊತ್ತಾದ್ರೆ ಇವರಿಗೆ ಎಂತ ಆಗ್ಲಿಕ್ಕುಂಟು?"

ಯಶಸ್ವಿ ತಾರೀಕು ನೋಡಿದಳು. ಈ ವರ್ಷದ ಮಾರ್ಚ್ ಹನ್ನೆರಡು. ಪತ್ರಕ್ಕೆ ಅವರು ಸಹಿ ಹಾಕಿದ್ದು ಮೇ ತಿಂಗಳಲ್ಲಿ. ಅವಳು ಅದರ ಫೋಟೋ ತೆಗೆದುಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿಖಿತಾಳಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ನಿಖಿತಾ ಹೇಳಿದಳು: "ಕಷ್ಟ, ಯಶಸ್ವಿ. ಅವರಿಗೆ ಹುಷಾರಿದೆ ಅಂದ್ರೆ ಫೋನಿನಲ್ಲಿ ಹೇಳಿದ್ದು ನಿಜ ಆಗ್ತದೆ. ಹುಷಾರಿಲ್ಲ ಅಂದ್ರೆ ಪತ್ರದ ಸಹಿಗೆ ಬೆಲೆ ಇಲ್ಲ. ಸಂಬಳದ ದಾಖಲೆ ಬ್ಯಾಂಕಿನದ್ದು ಕಡೆಯ ಮೂರು ವರ್ಷದ್ದು ಮಾತ್ರ ಉಂಟು. ಅದರಲ್ಲಿ ನೀವು ಎಂತ ಕೆಲಸ ಮಾಡಿದ್ದು ಅಂತ ಇಲ್ಲ. ಬೇರೆ ಯಾರಾದ್ರೂ ಬರೆದು ಕೊಡ್ತಾರಾ ನೋಡಿ."

ಅವಳು ಅಂಗಡಿಯ ಹಳೆ ಗಿರಾಕಿಗಳನ್ನು ಹುಡುಕಿಕೊಂಡು ಹೋದಳು. ನೆಟ್ಟಣದಲ್ಲಿ ರೈಲಿಳಿದು ದೇವಸ್ಥಾನಕ್ಕೆ ಹೋಗುವ ಭಕ್ತರಿಗೆ ಕೋಣೆ ಕೊಡುವವರು, "ನಾವು ಮಾತಾಡಿದ್ದು ಕಿಟ್ಟಣ್ಣನ ಹತ್ತಿರ. ಮಾಡಿದ್ದು ಯಾರು ಅಂತ ನಮಗೆ ಹೇಗೆ ಗೊತ್ತು?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಕೊಯಿಲದಲ್ಲಿ ರಮ್ಲತ್ ಮಾತ್ರ ಆಡುಗಳಿಗೆ ಸೊಪ್ಪು ಹಾಕುತ್ತಿದ್ದವಳು ಕೈ ತೊಳೆದು ಬಂದು, ಕೂತಲ್ಲೇ ಬರೆದು ಕೊಟ್ಟಳು. "ನನ್ನ ಒಂದೊಂದು ಆಡನ್ನೂ ನೀನು ಬಂದು ಫೋಟೋ ಹಿಡಿದಿದ್ದಿ. ಅವರು ನನಗೆ ಫೋನ್ ಮಾಡ್ಲಿ, ನಾನು ಹೇಳ್ತೇನೆ" ಎಂದಳು.

ರಮ್ಲತ್‌ಗೆ ಯಾರೂ ಫೋನ್ ಮಾಡಲಿಲ್ಲ. ಯಶಸ್ವಿ ಸರ್ಟಿಫಿಕೇಟು, ರಮ್ಲತ್‌ಳ ಪತ್ರ, ತಾನು ಮಾಡಿದ ನಲವತ್ತೊಂದು ಸೈಟುಗಳ ಚಿತ್ರ, ಎಲ್ಲ ಸೇರಿಸಿ ಕಳಿಸಿದಳು. ಅಕ್ಟೋಬರಿನಲ್ಲಿ ತೀರ್ಮಾನ ಬಂತು. ಸಹಿ ಮಾಡಿದವರು ಸಹಿಯ ಸಮಯದಲ್ಲೇ ಅಸ್ವಸ್ಥರಾಗಿದ್ದುದರಿಂದ ಪತ್ರವನ್ನು ಪರಿಗಣಿಸಲಾಗದು. ಉಳಿದ ದಾಖಲೆ ಸಾಲದು. ಅರ್ಜಿದಾರರನ್ನು ವೆಬ್ ಡಿಸೈನರ್ ಎಂದು ಪರಿಗಣಿಸಲು ಸಾಧ್ಯವಿಲ್ಲ. ಕಿಟ್ಟಣ್ಣನ ಕಾಯಿಲೆಗೆ ಅವರು ವಿಷಾದವನ್ನೂ ತಿಳಿಸಿದ್ದರು.

ಹರಿಪ್ರಸಾದ್ ಎರಡು ದಿನ ಗ್ಯಾರೇಜಿಗೆ ಹೋಗಲಿಲ್ಲ. ಮನೆಯ ಕೆಟ್ಟ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದ. ಯಶಸ್ವಿ ಒಪ್ಪಿಕೊಂಡಿದ್ದ ಕೆಲಸ ಮುಗಿಸುತ್ತಾ ಕೂತಳು. ಸುಳ್ಯದ ಒಬ್ಬ ದಂತವೈದ್ಯರ ಸೈಟು. ನಗುವ ಮುಖಗಳ ಚಿತ್ರ ಒಂದರ ಪಕ್ಕ ಒಂದು ಜೋಡಿಸಬೇಕಿತ್ತು. ಜೋಡಿಸಿದಳು. ಆ ದಿನಗಳಲ್ಲಿ ಅವಳ ಮನಸ್ಸಿಗೆ ಮತ್ತೆ ಮತ್ತೆ ಬರುತ್ತಿದ್ದದ್ದು ಆ ತೀರ್ಮಾನವಲ್ಲ. ಫೋನಿನ ಆಚೆ ಯಾರೋ ತನ್ನ ಹೆಸರು ಹೇಳಿದಾಗ ಕಿಟ್ಟಣ್ಣ ಒಂದು ಕ್ಷಣವಾದರೂ ತಡೆದರೋ, ಅಥವಾ ತಟ್ಟನೆ ಇಲ್ಲ ಎಂದರೋ? ಅದನ್ನು ಕೇಳಿ ತಿಳಿಯಲು ಯಾರೂ ಇರಲಿಲ್ಲ.

ಮೂರನೆಯ ದಿನ ಸೇವಂತಿಯಕ್ಕ ಫೋನ್ ಮಾಡಿದರು.

"ಎಂತ ಆಯ್ತು ಯಶಸ್ವಿ? ದಿನಾ ಕೇಳ್ಬೇಕು ಅಂತ ಇದ್ದೆ, ಧೈರ್ಯ ಬರ್ಲಿಲ್ಲ."

"ಆಗ್ಲಿಲ್ಲ ಅಕ್ಕ."

ಸೇವಂತಿಯಕ್ಕ ತೀರಾ ಸಣ್ಣ ದನಿಯಲ್ಲಿ, "ಇವರ ಕಾಗದದಿಂದವಾ?" ಎಂದರು.

"ಅಲ್ಲ ಅಕ್ಕ. ಆ ಸರ್ಟಿಫಿಕೇಟು ಕಳಿಸಿದ ಮೇಲೆ ಅದನ್ನು ಅವರು ಒಪ್ಪಿದ್ರು. ನನ್ನದೇ ತಪ್ಪು. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾರ್ಕ್ ಸಾಲಲಿಲ್ಲ."

"ದೇವರೇ. ನನಗೆ ಊಟ ಇಳೀತಿರಲಿಲ್ಲ ಮಾರಾಯ್ತಿ" ಎಂದು ಸೇವಂತಿಯಕ್ಕ ಅಳಲು ಶುರು ಮಾಡಿದರು. "ಇನ್ನೊಂದು ಸಲ ಬರಿ. ನೀನು ಓದುವವಳು."

"ಬರೀತೇನೆ. ಕಿಟ್ಟಣ್ಣ ಊಟ ಮಾಡಿದ್ರಾ?"

"ಮಾಡಿದ್ರು. ಈಗ ಮಲಗಿದ್ದಾರೆ."

ಫೋನಿಟ್ಟು ತಿರುಗಿದಾಗ ಹರಿಪ್ರಸಾದ್ ಸ್ಪ್ಯಾನರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಇಂಗ್ಲಿಷಿನಲ್ಲಿ ನಿನಗೆ ಒಳ್ಳೆ ಮಾರ್ಕ್ ಇತ್ತಲ್ಲ" ಎಂದ.

"ಇತ್ತು" ಎಂದಳು. ಅಲ್ಲೇ ನೆಲದ ಮೇಲೆ ಕೂತು, ತೀರ್ಮಾನ ಬಂದ ಮೇಲೆ ಮೊದಲ ಸಲ, ಮುಖ ಮುಚ್ಚಿಕೊಳ್ಳದೆ ಅತ್ತಳು. ಅವನು ಸ್ಪ್ಯಾನರ್ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ.