ತಂಗಿಯ ಕಿಡ್ನಿ, ಅಕ್ಕನ ಉಪವಾಸ

ಆಸ್ಪತ್ರೆಯ ಫಾರ್ಮಸಿಯಲ್ಲಿ ರೆಸಿಡೆನ್ಸಿಗೆ ಸೇರುತ್ತೇನೆ ಎಂದಾಗ ಅಪ್ಪ, "ಮಾತ್ರೆ ಎಣಿಸೋದಕ್ಕೆ ಇನ್ನೂ ಒಂದು ವರ್ಷ ಕಲೀಬೇಕಾ, ಲಮೀಸ್?" ಎಂದು ನಕ್ಕಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ದಿನ ಮಾತು ಬಿಟ್ಟೆ. ಆದರೆ ಸೇರಿ ಮೂರು ವಾರವಾದರೂ ಅಪ್ಪನ ಮಾತು ಸುಳ್ಳು ಎನ್ನಲು ನನ್ನ ಬಳಿ ಏನೂ ಇರಲಿಲ್ಲ.

ನಮಗೆ ಕಲಿಸುತ್ತಿದ್ದವರು ಡಾಕ್ಟರ್ ಇನ್‌ಆಮ್. ನಮ್ಮ ಅಮ್ಮಾನ್ ನಗರದ ಅರ್ಧ ಆಸ್ಪತ್ರೆಗಳ ಫಾರ್ಮಸಿಸ್ಟರು ಅವರ ಕೈಯಲ್ಲಿ ಪಳಗಿದವರು. ಕಾಲೇಜಿಗೇ ಮೊದಲಿಗಳಾಗಿದ್ದ ನಾನು ರೋಗಿಗಳಿಗೆ ಕೇಳಲೆಂದು ಅರವತ್ತು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಮಡಚಿ ತಮ್ಮ ಡ್ರಾಯರಿಗೆ ಹಾಕಿಕೊಂಡರು. ಪ್ರತಿ ಹೊಸಬರೂ ದಿನಕ್ಕೊಬ್ಬ ರೋಗಿಯ ಪಕ್ಕದಲ್ಲಿ ಒಂದು ತಾಸು ಸುಮ್ಮನೆ ಕೂರಬೇಕು, ಪೆನ್ನು ಕಾಗದ ಮುಟ್ಟುವಂತಿಲ್ಲ. ಇದು ಅವರ ಪದ್ಧತಿ. ನನಗೆ ಅದು ಶುದ್ಧ ಕಾಲಹರಣ ಅನ್ನಿಸುತ್ತಿತ್ತು.

ಅದು ರಂಜಾನಿನ ಎರಡನೇ ವಾರ, ಜೂನ್ ತಿಂಗಳ ಸುಡುಬಿಸಿಲು. ಹಿಂದಿನ ಸಂಜೆ ಇಂತಿಸಾರ್ ಎಂಬಾಕೆ ದಾಖಲಾಗಿದ್ದರು. ಎಂಟು ತಿಂಗಳ ಹಿಂದೆ ಅವರ ತಂಗಿ ಒಂದು ಕಿಡ್ನಿ ಕೊಟ್ಟಿದ್ದಳು. ಈಗ ಆ ಕಿಡ್ನಿ ಸೊರಗುತ್ತಿತ್ತು. ಪರರ ಅಂಗವನ್ನು ಮೈ ಹೊರದೂಡದಂತೆ ತಡೆಯುವ ಮಾತ್ರೆಯೊಂದಿದೆ. ಹೆಚ್ಚಾದರೆ ಅದೇ ಕಿಡ್ನಿಗೆ ವಿಷ, ಕಡಿಮೆಯಾದರೆ ಮೈಯೇ ಕಿಡ್ನಿಯ ಮೇಲೆ ತಿರುಗಿ ಬೀಳುತ್ತದೆ. ಅದಕ್ಕೇ ಕೊನೆಯ ಮಾತ್ರೆಯಿಂದ ಸರಿಯಾಗಿ ಹನ್ನೆರಡು ತಾಸಿಗೆ ರಕ್ತ ತೆಗೆದು ಅಳೆಯುತ್ತಾರೆ. ರಾತ್ರಿ ಒಂಬತ್ತಕ್ಕೆ ನರ್ಸ್ ಮಾತ್ರೆ ಕೊಟ್ಟಿದ್ದಳು, ಬೆಳಿಗ್ಗೆ ಒಂಬತ್ತಕ್ಕೆ ರಕ್ತ ತೆಗೆದರು. ಅಳತೆ ತೀರಾ ಹೆಚ್ಚು ಬಂತು.

"ಔಷಧಿನೇ ಕಿಡ್ನಿನ ತಿಂತಿದೆ. ಇವತ್ತಿಂದ ಅರ್ಧ ಮಾಡಿ," ಎಂದರು ದೊಡ್ಡ ಡಾಕ್ಟರ್ ರಾಗಿಬ್. ಅವರೆದುರು ಉಸಿರೆತ್ತುವವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಇನ್‌ಆಮ್ ಮಾತ್ರ ನನ್ನ ಕಡೆ ತಿರುಗಿ, "ಹೋಗು, ಅವರ ಹತ್ರ ಕೂತ್ಕೋ," ಎಂದರು.

ಕೂತೆ. ನನ್ನ ತಲೆ ಸಿಡಿಯುತ್ತಿತ್ತು. ಇಂತಿಸಾರ್ ನನ್ನನ್ನೇ ನೋಡಿದರು.

"ಉಪವಾಸಾನಾ ಮಗಳೇ? ತುಟಿ ಒಣಗಿ ಹೋಗಿದೆಯಲ್ಲ."

"ಹೌದು ಖಾಲಾ."

"ಸಹರಿಗೆ ಎದ್ದು ಏನ್ ತಿಂದೆ?"

"ಅಲಾರಾಂ ಕೇಳಿಸ್ಲೇ ಇಲ್ಲ. ಒಂದು ಲೋಟ ನೀರು ಕುಡಿದೆ ಅಷ್ಟೆ."

"ಅಯ್ಯೋ ಹುಚ್ಚಿ! ಡಾಕ್ತೋರಾ ಅಂತೆ ಡಾಕ್ತೋರಾ! ಬೆಳಗಾಗೋ ಮುಂಚೆ ಗಟ್ಟಿಯಾಗಿ ತಿನ್ಬೇಕು ಕಣೇ. ನನ್ನ ನೋಡು, ನಾಲ್ಕಕ್ಕೇ ಎದ್ದು ರೊಟ್ಟಿ, ಲಬ್ನೆ ಮೊಸರು, ಮೂರು ಖರ್ಜೂರ..."

ಉಪವಾಸ ಕೂಡದೆಂದು ಡಾಕ್ಟರು ಮೊದಲೇ ಹೇಳಿದ್ದರು; ಆಕೆ ನಾಲಿಗೆ ಕಚ್ಚಿಕೊಂಡರು.

"ಮಾತ್ರೆ, ಖಾಲಾ?"

ಆಕೆ ದಿಂಬಿನ ಕಡೆ ಕಣ್ಣು ಹಾಯಿಸಿದರು. "ಅದನ್ನೂ ಆಗ್ಲೇ ತಗೊಂಡೆ. ಸೂರ್ಯ ಮುಳುಗಿದ ಮೇಲೊಂದು, ಸಹರಿಗೊಂದು ಅಂತ ಪರ್ಸಲ್ಲಿಟ್ಕೊಂಡಿದ್ದೆ. ರಾತ್ರಿ ಒಂಬತ್ತಕ್ಕೆ ಆ ನರ್ಸ್ ಹುಡುಗಿ ಕೊಟ್ಟಿದ್ದು ದಿಂಬಿನ ಕೆಳಗಿದೆ. ಬೈಬೇಡ ಯಮ್ಮಾ."

ಹನ್ನೆರಡು ತಾಸಿನ ರಕ್ತ ಅದಾಗಿರಲಿಲ್ಲ, ಐದೇ ತಾಸಿನದು. ಅಳತೆ ಹೆಚ್ಚು ಕಾಣದೆ ಇನ್ನೇನು? ಕಿಡ್ನಿ ಸೊರಗಿದ್ದು ದಿನಕ್ಕೆ ಹದಿನಾರು ತಾಸು ನೀರಿಲ್ಲದೆ. ಈಗ ಮಾತ್ರೆ ಅರ್ಧ ಮಾಡಿದ್ದರೆ ಮೈ ಆ ಕಿಡ್ನಿಯನ್ನು ಮುಗಿಸಿಯೇ ಬಿಡುತ್ತಿತ್ತು. ನನ್ನ ಅರವತ್ತು ಪ್ರಶ್ನೆಗಳಲ್ಲಿ ಸಹರಿಯ ಸುದ್ದಿಯೇ ಇರಲಿಲ್ಲ. ನಾನೇ ಉಪವಾಸವಿದ್ದೂ ಹೊಳೆದಿರಲಿಲ್ಲ.

ಓಡಿ ಹೋಗಿ ಇನ್‌ಆಮ್ ಅವರಿಗೆ ಹೇಳಿದೆ. "ನನಗ್ಯಾಕೆ ಹೇಳ್ತೀಯ? ರಾಗಿಬ್‌ಗೆ ಹೇಳು. ಕೇಳಿಸ್ಕೊಂಡು ಬಂದವಳು ನೀನು," ಎಂದರು.

ಡಾಕ್ಟರ್ ರಾಗಿಬ್ ಎದುರು ಹೋಗಿ ನಿಂತೆ. ಹೇಳಿ ಮುಗಿಸಿದೆ.

"ನಾಲ್ಕು ಗಂಟೆಗೆ ಅಂತ ಅವರೇ ಹೇಳಿದ್ರಾ?"

"ಅವರ ಬಾಯಿಂದಲೇ ಬಂತು ಸರ್."

ಮಾತ್ರೆ ಅರ್ಧ ಮಾಡಿ ಎಂದು ತಾವು ಬರೆದಿದ್ದನ್ನು ಅವರು ಹೊಡೆದು ಹಾಕಿದರು. ಪೆನ್ನಿನ ಒಂದೇ ಗೀಟು. ಮೂರು ವಾರದ ರೆಸಿಡೆಂಟ್ ಒಬ್ಬಳ ಮಾತಿನ ಮೇಲೆ ಒಂದು ಕಿಡ್ನಿ ನಿಂತಿತ್ತು! ಹೆಮ್ಮೆ ಬರಬೇಕಿತ್ತು, ಬರಲಿಲ್ಲ. ದೊಡ್ಡ ಬೆಟ್ಟದ ಬುಡದಲ್ಲಿ ನಿಂತ ಹಾಗಾಯಿತು.

"ಈಗ ಅವರಿಗೆ ನೀರು ಕುಡಿಸು. ಅದು ನನ್ನಿಂದ ಆಗಲ್ಲ," ಎಂದರು.

ನನ್ನಿಂದಲೂ ಆಗಲಿಲ್ಲ. ನೀರಿನ ಬಾಟಲಿ ಹಿಡಿದು ಬೇಡಿಕೊಂಡೆ. ಕಾಯಿಲೆಯವರಿಗೆ ಉಪವಾಸದಿಂದ ಮಾಫಿ ಇದೆ ಎಂದೆ.

"ನಾನು ಕಾಯಿಲೆಯವಳಲ್ಲ!" ಇಂತಿಸಾರ್ ಎದ್ದು ಕೂತರು. "ಮೂರು ವರ್ಷ ಆ ಡಯಾಲಿಸಿಸ್ ಮೆಷಿನ್‌ಗೆ ಕಟ್ಕೊಂಡು ಬಿದ್ದಿದ್ದೆ. ಮೂರು ರಂಜಾನ್ ಹೋಯ್ತು, ಒಂದು ಉಪವಾಸ ಇಲ್ಲ. ನನ್ನ ತಂಗಿ ಹೊಟ್ಟೆ ಕೊಯ್ಸಿಕೊಂಡು ನನ್ನ ಎಬ್ಬಿಸಿದ್ಳು. ಆ ದೇವರಿಗೆ ಥ್ಯಾಂಕ್ಸ್ ಹೇಳೋಕೆ ನನ್ಹತ್ರ ಇನ್ನೇನಿದೆ ಹೇಳು? ಸೂರ್ಯ ಮುಳುಗ್ಲಿ, ಕುಡಿತೀನಿ."

ಇಷ್ಟು ದೊಡ್ಡ ಕೃತಜ್ಞತೆಗೆ ಯಾವ ಪುಸ್ತಕ ತೆಗೆದು ಎದುರುತ್ತರ ಕೊಡಲಿ?

ಬಾಗಿಲಲ್ಲಿ ತಂಗಿ ಮಾಜಿದಾ ನಿಂತಿದ್ದಳು. ಶಾಲೆಯಲ್ಲಿ ಪಾಠ ಮುಗಿಸಿ ನೇರ ಬಂದಿದ್ದಳು. ಯಾವಾಗ ಬಂದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಅವಳೂ ಉಪವಾಸ. ಒಳಗೆ ಬಂದವಳೇ ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು ಮುಚ್ಚಳ ತಿರುವಿದಳು.

"ನೀನು ಉಪವಾಸ ಇರೋದಾದ್ರೆ ಇರು ಅಕ್ಕಾ, ನಿನ್ನಿಷ್ಟ," ಎಂದಳು. "ಆದ್ರೆ ಒಳಗಿರೋದು ನಂದು. ಅದಕ್ಕೆ ಬಾಯಾರಿದೆ. ಅದಕ್ಕೆ ನೀರು ಕೊಡು."

ಇಂತಿಸಾರ್ ತಂಗಿಯ ಮುಖ ನೋಡಿದರು. ಆಮೇಲೆ ಎರಡೂ ಕೈಯಿಂದ ಬಾಟಲಿ ಹಿಡಿದು, ಬಿಸ್ಮಿಲ್ಲಾ ಎಂದು, ಅಳುತ್ತಲೇ ಪೂರ್ತಿ ಕುಡಿದರು.