ಬುಟ್ಟಿ ತಾಗಿದ ಗಂಟು

ಸೋಮವಾರ ಗೋದಾವರಿಯ ಬಲಗಾಲು ತೆಗೆಯುವುದೆಂದು ಸರ್ಜನ್ ಪ್ರದೀಪ ನಿರ್ಧರಿಸಿಬಿಟ್ಟಿದ್ದರು. ಅಂಕೋಲೆಯಲ್ಲಿ ಮೀನು ಮಾರುವ ಆ ಹೆಂಗಸಿನ ತೊಡೆಯ ಗಂಟು ಉಗ್ರ ಕ್ಯಾನ್ಸರ್ ಎಂದು ಹೊರಗಿನ ಲ್ಯಾಬೊಂದು ಬರೆದುಕೊಟ್ಟಿತ್ತು. ಇನ್ನೊಮ್ಮೆ ನೋಡಲೆಂದು ಸ್ಲೈಡುಗಳು ಕಾರವಾರದ ಪೆಥಾಲಜಿಸ್ಟ್ ದೀಕ್ಷಾಳ ಮೇಜಿಗೆ ಬಂದಿದ್ದವು, ಅದೂ ಬರೀ ಶಾಸ್ತ್ರಕ್ಕೆ. ಶಾಸ್ತ್ರಕ್ಕೆ ನೋಡುವುದೆಂದರೆ ದೀಕ್ಷಾಳಿಗೆ ಮೈಯೆಲ್ಲ ಉರಿ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕೋಶಗಳು ಅಡ್ಡಾದಿಡ್ಡಿ ಬೆಳೆದು ನಿಜಕ್ಕೂ ಹೆದರಿಸುವಂತಿದ್ದವು. ಆದರೆ ಒಡೆದು ಎರಡಾಗುತ್ತಿರುವ ಕೋಶ, ಮೂಲೆಮೂಲೆ ಜಾಲಾಡಿದರೂ ಸಿಕ್ಕಿದ್ದು ಒಂದೇ ಒಂದು. ಗಂಟು ಚರ್ಮದಡಿಯ ಕೊಬ್ಬಿನಲ್ಲೇ ಕೂತಿತ್ತು, ಸ್ನಾಯುವಿಗೆ ಇಳಿದಿರಲಿಲ್ಲ. ಇಷ್ಟು ಅಬ್ಬರದ ಮುಖ, ಇಷ್ಟು ಸೋಮಾರಿ ಬೆಳವಣಿಗೆ! ಪುಸ್ತಕದಲ್ಲಷ್ಟೇ ಕಂಡಿದ್ದ ಅಪರೂಪದ ಗಡ್ಡೆಯೊಂದು ನೆನಪಾಯಿತು. ಅದೇ ಆಗಿದ್ದರೆ ಗಂಟನ್ನೂ ಸುತ್ತಲಿನ ಒಂದಿಷ್ಟನ್ನೂ ತೆಗೆದರೆ ಸಾಕು, ಕಾಲು ಉಳಿಯುತ್ತದೆ.

“ಎರಡೇ ತಿಂಗಳಲ್ಲಿ ಬೆಳೆದದ್ದು ಅಂತ ಮಗನೇ ಹೇಳಿದಾನಲ್ಲ!” ಎಂದು, ಅವಳ ಅನುಮಾನ ಕೇಳಿದ ಪ್ರದೀಪ ಫೋನಿನಲ್ಲಿ ಸಿಡುಕಿದರು.

ದೀಕ್ಷಾ ನೇರ ವಾರ್ಡಿಗೆ ನಡೆದಳು. ಮಗ ಕಿಶನನನ್ನು ಹೊರಗೆ ಕಳಿಸಿ, “ಮಾವಶಿ, ಗಂಟು ಯಾವಾಗಿಂದ?” ಎಂದಳು.

“ಅವಂಗೆ ಗುತ್ತಾದ್ದು ಈಗ. ನಂಗೆ ಅವ್ನ ಮದ್ವಿಗಿಂತ ಮೊದ್ಲೇ ಇತ್ತು. ಈಗ ಅವ್ನ ಮಗಳು ಶಾಲಿಗೆ ಹೋಗ್ತದೆ. ಬುಟ್ಟಿ ನೆಲದಿಂದ ತೊಡೆಗೆ, ತೊಡೆಯಿಂದ ತಲೆಗೆ ಏರ್ಸೂದಲ್ರಾ? ಅಂಚು ತಾಗಿ ಜಡ್ಡು ಬಿತ್ತು ಅಂದ್ಕಂಡೆ. ಅದನ್ನೆಲ್ಲ ಯಾರಿಗೆ ಹೇಳೂದು?”

ಎರಡು ತಿಂಗಳದ್ದಲ್ಲ, ವರ್ಷಗಟ್ಟಲೆಯ ಗಂಟು! ದೀಕ್ಷಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಗಡ್ಡೆಯ ಚೂರನ್ನು ವಿಶೇಷ ಬಣ್ಣದ ಪರೀಕ್ಷೆಗೆ ಮಂಗಳೂರಿಗೆ ಕಳಿಸಿ, ಆಪರೇಷನ್ ಮುಂದೂಡಿ ಎಂದು ಪ್ರದೀಪರ ಬೆನ್ನು ಬಿದ್ದಳು.

“ನೀ ತಪ್ಪಿದ್ರೆ ಅವಳ ಜೀವ ಹೋಗ್ತದೆ, ದೀಕ್ಷಾ.”

“ನಾ ಹೇಳೂದು ಸರಿಯಾಗಿದ್ರೆ ಸುಮ್ನೆ ಕಾಲು ಹೋಗ್ತದೆ ಸರ್. ಕತ್ತರಿಸಿದ್ಮೇಲೆ ಅಂಟ್ಸೂಕಾಗ್ತದ್ಯಾ?”

ಪ್ರದೀಪ ಗೊಣಗುತ್ತಲೇ ಒಪ್ಪಿದರು. ಫಲಿತಾಂಶ ಬರುವವರೆಗೆ ದೀಕ್ಷಾಳಿಗೆ ಊಟ ರುಚಿಸಲಿಲ್ಲ. ಕೊನೆಗೆ ಸ್ಲೈಡು ಬಂತು. ಅವಳು ಊಹಿಸಿದ ಗಡ್ಡೆಯೇ ಎಂದು ಸಾರುವಂತೆ ಕೋಶಗಳೆಲ್ಲ ಕಂದುಬಣ್ಣ ಹಿಡಿದಿದ್ದವು. ವರದಿಗೆ ಸಹಿ ಹಾಕಿದಳು. ಪ್ರದೀಪ ಗಂಟನ್ನೂ ಸುತ್ತಲಿನ ಒಂದಿಷ್ಟನ್ನೂ ಮಾತ್ರ ತೆಗೆದರು.

ಮಳೆಗಾಲ ಕಳೆದ ಮೇಲೆ, ಗಾಯ ತೋರಿಸಲು ಬಂದ ಗೋದಾವರಿ ಲ್ಯಾಬಿನ ಬಾಗಿಲಲ್ಲಿ ಬಂಗಡೆಯ ಬುಟ್ಟಿ ಇಳಿಸಿದಳು. ಹೊರಡುವಾಗ ಅದನ್ನೆತ್ತಲು ಬಗ್ಗಿದ್ದನ್ನು ಕಂಡು ದೀಕ್ಷಾ ಗದರಿದಳು: “ಮಾವಶಿ, ಬಲತೊಡೆಗೆ ತಾಗಿಸ್ಬೇಡಿ!”

“ಇನ್ನೊಂದು ಉಂಟಲ್ರಾ,” ಎಂದು ನಕ್ಕ ಗೋದಾವರಿ ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಎಡತೊಡೆಗೆ ಬುಟ್ಟಿ ಏರಿಸಿದಳು.