ದೊಡ್ಡವಳಲ್ಲವಾ ನೀನು

ಕ್ಲಚ್ಚು ಸುಟ್ಟ ವಾಸನೆ, ಮತ್ತೆ ಅರ್ಧಕ್ಕೇ ಒತ್ತಿಟ್ಟುಕೊಂಡಿದ್ದಾರೆ ಇವರು, ಪೂರ್ತಿ ಒತ್ತಿ ಸಾರ್, ಇಲ್ಲಾಂದ್ರೆ ಪೂರ್ತಿ ಬಿಡಿ, ನಡುವೆ ಇಟ್ಕೊಂಡ್ರೆ ಗಾಡೀನೂ ಸವೆಯುತ್ತೆ ಕಾಲೂ ಸವೆಯುತ್ತೆ, ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಇದೇ ಮಾತು, ನಾಲಿಗೆಯೂ ಸವೆದಿದೆ, ಔಷಧಿ ಅಂಗಡಿಯ ಯಜಮಾನರು ಹೂಂ ಹೂಂ ಎನ್ನುತ್ತಲೇ ಕನ್ನಡಿ ನೋಡದೆ ತಿರುಗಿಸುತ್ತಾರೆ, ನನ್ನ ಬಲಗಾಲು ನನ್ನನ್ನು ಕೇಳದೆ ನನ್ನ ಕಡೆಯ ಬ್ರೇಕಿನ ಮೇಲೆ ಹೋಗಿ ಕೂರುತ್ತದೆ, ಕಲಿಸುವ ಕಾರಿನಲ್ಲಿ ಪಕ್ಕದಲ್ಲಿ ಕೂತವರಿಗೂ ಒಂದು ಬ್ರೇಕು ಕೊಟ್ಟಿರುತ್ತಾರೆ, ಸ್ಟಿಯರಿಂಗ್ ಕೊಟ್ಟಿರುವುದಿಲ್ಲ, ಮೊಣಕಾಲಿನ ಹಿಂದೆ ನರ ಹಿಡಿದಂತೆ ನೋವು, ಹಾಸಿಗೆಯಲ್ಲಿ ಮಲಗಿದರೂ ಈ ಕಾಲು ಯಾರದೋ ಗಾಡಿ ನಿಲ್ಲಿಸಲು ಕಾಯುತ್ತಾ ನೆಟ್ಟಗಿರುತ್ತದೆ — ಆಗ ಫೋನು, ತಮ್ಮ, ಪಕ್ಕಕ್ಕೆ ಹಾಕಿ ಸಾರ್ ಒಂದ್ನಿಮಿಷ, ಗಾಬರಿ ಆಗ್ಬೇಡ ಅಕ್ಕ ಎನ್ನುತ್ತಿದ್ದಾನೆ, ಗಾಬರಿ ಆಗಬೇಡ ಎಂದು ಶುರುವಾದ ಮಾತು ಯಾವುದು ತಾನೇ ಒಳ್ಳೆಯದಿರುತ್ತದೆ, ಅವನ ಹೆಂಡತಿಗೆ, ನನ್ನ ನಾದಿನಿಗೆ, ಹೊಟ್ಟೆನೋವು ಜೋರಾಗಿ ನಿನ್ನೆಯೇ ಆಸ್ಪತ್ರೆಗೆ ಸೇರಿಸಿದ್ದಂತೆ, ಬೆಳಿಗ್ಗೆ ಆಪರೇಷನ್ ಆಯಿತಂತೆ, ಪಿತ್ತಕೋಶ ತೆಗೆದರಂತೆ, ಈಗ ಚೆನ್ನಾಗಿದ್ದಾಳಂತೆ, ಕೆಲವು ದಿನ ಎದ್ದು ಓಡಾಡುವ ಹಾಗಿಲ್ಲ ಅಷ್ಟೇ, ಮೊದಲೇ ಹೇಳಬಾರದಿತ್ತೇನೋ ಎಂದರೆ, ನಿನಗ್ಯಾಕೆ ಸುಮ್ಮನೆ ತೊಂದರೆ ಅಂತ, ಮನೇಲಿ ಪುಟ್ಟಿ ಇದ್ದಾಳಲ್ಲ, ಅಡಿಗೆ, ಚಿಕ್ಕವನನ್ನ ನೋಡ್ಕೊಳ್ಳೋದು, ಎಲ್ಲ ಅವಳೇ ಮಾಡ್ತಿದ್ದಾಳೆ, ನಿನ್ನ ಥರಾನೇ ಅಕ್ಕ, ಸಂಜೆ ಬಿಡುವಾದ್ರೆ ಒಂದ್ಸಲ ಇಣುಕಿ ಹೋಗು — ನಿನ್ನ ಥರಾನೇ, ಖುಷಿಯಿಂದ ಹೇಳಿದ, ಒಂದೇ ಏಟಿಗೆ ಇಬ್ಬರನ್ನೂ ಹೊಗಳಿದ, ಪುಟ್ಟಿ ಎಂದರೆ ಅವನ ಮಗಳು, ಹನ್ನೊಂದು ವರ್ಷ, ಏನ್ ಮೇಡಂ ಕೆಟ್ಟ ಸುದ್ದಿಯಾ ಎಂದು ಔಷಧಿ ಅಂಗಡಿಯವರು ಕೇಳಿದರು, ಇಲ್ಲ ಸಾರ್, ಒಳ್ಳೇದೇ, ಹೊರಡಿ, ಕನ್ನಡಿ ನೋಡಿ ಹೊರಡಿ ಎಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಬೇರೆ ಯಾರೋ ಓಡಿಸುತ್ತಿರುವ ಗಾಡಿ, ಈ ಚಾಲಕ ಹಳಬ, ಬ್ರೇಕು ಹಿಡಿದದ್ದು ಗೊತ್ತೇ ಆಗುವುದಿಲ್ಲ, ಆದರೂ ನನ್ನ ಕಾಲು ನೆಲ ಒತ್ತುತ್ತಲೇ ಇದೆ, ಈಗ ನೀನು ನೆನಪಾಗುತ್ತಿದ್ದೀಯ, ನೀನು ಎಂದರೆ ನಾನೇ, ಎರಡು ಜಡೆಯ ನಾನು, ಗೋಡೆ ಕಡೆ ಮುಖ ಮಾಡಿ ಮಲಗಿದ ಅಮ್ಮನ ಬೆನ್ನು ನೋಡುತ್ತಾ ಬಾಗಿಲಲ್ಲಿ ನಿಂತಿದ್ದೀಯ, ಅಮ್ಮನಿಗೆ ಜ್ವರವಿಲ್ಲ, ಗಾಯವಿಲ್ಲ, ಏಳುವುದಿಲ್ಲ ಅಷ್ಟೇ, ಆಗ ಆ ಕಾಯಿಲೆಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ, ಸುಸ್ತು ಎನ್ನುತ್ತಿದ್ದರು, ಅಪ್ಪ ಕೆಲಸಕ್ಕೆ ಹೊರಟವರು ನಿನ್ನ ತಲೆ ಮೇಲೆ ಕೈಯಿಟ್ಟರು, ಅದಕ್ಕೆ ಮೊದಲು ಯಾವಾಗ ಇಟ್ಟಿದ್ದರೋ ನೆನಪಿಲ್ಲ, ತಮ್ಮನ್ನ ನೋಡ್ಕೊ ಮಗಳೇ, ದೊಡ್ಡವಳಲ್ಲವಾ ನೀನು, ಅಂದರು, ಆ ಕೈ ಎಷ್ಟು ಬೆಚ್ಚಗಿತ್ತು, ಅದಕ್ಕೇ ನೀನು ಮರುಳಾದದ್ದು, ಆ ವಾರವಷ್ಟೇ ಎದುರು ಬೀದಿಯ ಹುಡುಗಿಯ ಸೈಕಲ್ಲಿನಲ್ಲಿ ಕತ್ತರಿಗಾಲು ಹಾಕಿ ತುಳಿಯುವುದು ಕಲಿತಿದ್ದೆ, ಸೀಟಿನ ಮೇಲೆ ಕೂರುವುದು ಭಾನುವಾರಕ್ಕೆ ಎಂದುಕೊಂಡಿದ್ದೆ, ಆ ಭಾನುವಾರ ಬಟ್ಟೆ ಒಗೆದೆ, ಮುಂದಿನ ಭಾನುವಾರವೂ, ಇವತ್ತಿಗೂ ನನಗೆ ಸೈಕಲ್ ಬರುವುದಿಲ್ಲ, ಊರಿಗೆಲ್ಲ ಕಾರು ಕಲಿಸುವವಳಿಗೆ ಸೈಕಲ್ ಬರುವುದಿಲ್ಲವೆಂದರೆ ಜನ ತಮಾಷೆ ಎಂದುಕೊಳ್ಳುತ್ತಾರೆ, ನಾನೂ ನಗುತ್ತೇನೆ — ಕೇಳು, ನಿನಗೆ ನಾಲ್ಕು ಬುದ್ಧಿಮಾತು ಹೇಳಬೇಕೆಂದರೆ, ಮೊದಲನೆಯದು, ತಲೆ ಮೇಲೆ ಕೈಯಿಟ್ಟವರ ಮುಖ ನೋಡು, ಅವರು ನಿನ್ನನ್ನು ಮುದ್ದಿಸುತ್ತಿದ್ದಾರೋ ಊರಿಕೊಂಡು ಏಳುತ್ತಿದ್ದಾರೋ ಗೊತ್ತಾಗುತ್ತದೆ, ಆಮೇಲೆ, ಒಂದು ದಿನ ಅನ್ನ ಸೀಯಿಸು, ಬೇಕೆಂದೇ ಸೀಯಿಸು, ಮಕ್ಕಳ ಕೈಯಲ್ಲಿ ಅನ್ನ ಸೀಯುತ್ತದೆ ಎಂದು ಮನೆಯವರಿಗೆ ತಿಳಿಯಲಿ, ನಿನ್ನ ಅನ್ನ ಒಂದು ದಿನವೂ ಸೀಯಲಿಲ್ಲ, ಬಂದವರೆಲ್ಲ ಎಂಥ ಹುಡುಗಿಯಪ್ಪ, ವಯಸ್ಸಿಗೆ ಮೀರಿದ ಬುದ್ಧಿ ಎಂದರು, ಹೊಗಳಿ ಹೊಗಳಿ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಕೊಂಡು ಹೋದರು, ಆಮೇಲೆ ನಿಜವಾಗಿ ಮೈನೆರೆದಾಗ ಮತ್ತೆ ದೊಡ್ಡವಳಾದಳು ಎಂದರು, ಒಬ್ಬಳು ಎಷ್ಟು ಸಲ ದೊಡ್ಡವಳಾಗಬೇಕು, ಮೂರನೆಯ ಮಾತು — ನೀನೆಲ್ಲಿ ಕೇಳುತ್ತೀಯ, ಬುದ್ಧಿ ಹೇಳೋಣವೆಂದು ಕರೆದರೂ ಇರಿ ಹಾಲು ಉಕ್ಕುತ್ತೆ ಎಂದು ಒಳಗೆ ಓಡುವವಳು, ಬೇಡ, ಸುಸ್ತಾಗಿದೆ, ಸುಸ್ತು ಎನ್ನುವ ಆ ಮಾತೆಂದರೇ ಭಯ ನನಗೆ, ಬಸ್ಸು ನಿಂತಿತು, ಇಳಿಯಬೇಕು.

ಬಾಗಿಲು ತೆಗೆದವಳು ಪುಟ್ಟಿ, ಅವಳಮ್ಮನ ಏಪ್ರನ್ನನ್ನು ಎರಡು ಸುತ್ತು ಸುತ್ತಿ ಹೊಟ್ಟೆಯ ಮೇಲೆ ಗಂಟು ಹಾಕಿದ್ದಾಳೆ, ಬನ್ನಿ ಅತ್ತೆ, ಕೂತ್ಕೊಳ್ಳಿ, ಟೀ ಮಾಡ್ಲಾ ಎಂದಳು, ಹೆಸರಿಗೆ ಪುಟ್ಟಿ, ಧ್ವನಿ ಮನೆಯೊಡತಿಯದು, ಚಿಕ್ಕವನು ಸೋಫಾದ ಮೇಲೆ ಒಂದೇ ಕಾಲುಚೀಲ ಹಾಕಿಕೊಂಡು ನಿದ್ದೆ ಹೋಗಿದ್ದ, ಈಗಷ್ಟೇ ಮಲಗಿಸಿದೆ ಅತ್ತೆ, ಅಮ್ಮ ಬೇಕು ಅಂತ ರಂಪ ಮಾಡ್ತಿದ್ದ, ಅವಳ ಕೈಯಲ್ಲಿ ಸುಟ್ಟ ಬೊಬ್ಬೆ, ಏನೇ ಇದು, ಏನಿಲ್ಲ, ಬಾಣಲೆ ತಾಕ್ತು, ಕೈ ಸರಕ್ಕನೆ ಹಿಂದಕ್ಕೆ, ಎದುರು ಮನೆಯಾಕೆ ತಟ್ಟೆ ವಾಪಸು ಕೊಡುವ ನೆವದಲ್ಲಿ ಬಂದು ನಿಂತರು, ನಿಮ್ಮ ಸೋದರಸೊಸೆ ಬಂಗಾರ ಕಣ್ರೀ, ನಮ್ಮನೇಲೂ ಒಂದಿದೆ, ನೀರು ಬೇಕಂದ್ರೂ ನನ್ನನ್ನೇ ಕೂಗುತ್ತೆ, ಪುಟ್ಟಿ ಮುಖ ಅರಳಿತು, ಬೆನ್ನು ನೆಟ್ಟಗಾಯಿತು, ಅಯ್ಯೋ ಆ ಬೆನ್ನು ನನಗೆ ಗೊತ್ತು, ಎಲುಬು ಎಲುಬೂ ಗೊತ್ತು, ನಿಮ್ಮ ಮಗಳೇ ಸರಿಯಾಗಿದ್ದಾಳೆ ಎನ್ನಬೇಕೆಂದುಕೊಂಡು ಸುಮ್ಮನೆ ನಕ್ಕೆ, ಅಷ್ಟರಲ್ಲಿ ತಮ್ಮ ಬಂದ, ಶೇವ್ ಮಾಡಿಲ್ಲ, ಬಟ್ಟೆಯಿಂದ ಆಸ್ಪತ್ರೆಯ ವಾಸನೆ, ಪುಟ್ಟಿ ನೀರು ತಂದುಕೊಟ್ಟಳು, ಟವೆಲ್ ತಂದುಕೊಟ್ಟಳು, ಅವನು ಎರಡನ್ನೂ ಅವಳತ್ತ ನೋಡದೆ ತೆಗೆದುಕೊಂಡ, ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದ ಹಾಗೆಯೇ, ಅವನ ತಪ್ಪಲ್ಲ, ಕೈ ನೀಡಿದರೆ ಟವೆಲ್ ಇರುತ್ತದೆ ಎಂದು ಕಲಿಸಿದವರು ಯಾರು, ಅವಳು ಒಳಗೆ ಹೋಗುವುದನ್ನೇ ಕಾದು, ನಾನು ಇಲ್ಲೇ ಇರ್ತೀನಿ ಕಣೋ, ನಿನ್ನ ಹೆಂಡ್ತಿ ಎದ್ದು ಓಡಾಡೋವರೆಗೂ, ಎಂದೆ, ನಿನಗೆ ಕೆಲಸ ಇಲ್ವಾ ಅಕ್ಕ, ಪುಟ್ಟಿ ನಿಭಾಯಿಸ್ತಾಳೆ, ಎರಡು ದಿನ ಸ್ಕೂಲ್ ತಪ್ಪಿದ್ರೆ ಏನಾಯ್ತು, ಅವಳಿನ್ನೂ ಮಗು ಎಂದೆ, ಅವನು ನಕ್ಕ, ಕೆಟ್ಟದಾಗಿ ಅಲ್ಲ, ದಣಿದ ಮನುಷ್ಯನ ನಗು, ನೀನೂ ಇಷ್ಟೇ ಇದ್ದೆ ಅಲ್ವಾ, ನನ್ನ ಬೆಳೆಸಿದ್ದು ನೀನೇ ತಾನೆ, ನಿನಗೇನಾಯ್ತು — ನನಗೇನಾಯ್ತು, ಕಾಲು ಮುರಿಯಲಿಲ್ಲ, ಹಸಿದು ಮಲಗಲಿಲ್ಲ, ಕೆಲಸವಿದೆ, ಸ್ವಂತ ಕೋಣೆಯಿದೆ, ಯಾರ ಮನೆಯಲ್ಲಿ ಕರೆಗಂಟೆ ಬಾರಿಸಿದರೂ ಮೊದಲು ಏಳುವವಳು ನಾನು, ಯಾರಾದರೂ ನನಗೆ ತಟ್ಟೆಯಿಟ್ಟು ಬಡಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲ, ನನ್ನ ಜೊತೆ ಬದುಕಬೇಕೆಂದು ಬಂದವನೊಬ್ಬ ನಿನಗೆ ನಾನು ಯಾತಕ್ಕೂ ಬೇಕಾಗಲ್ಲ ಅಲ್ವಾ ಎಂದು ಕೇಳಿ ಹೋದ, ಅದನ್ನೆಲ್ಲ ಏನೆಂದು ಹೇಳುವುದು, ಅದು ಆಯ್ತಾ ಆಗಲಿಲ್ಲವಾ, ತಮ್ಮ ಮಾತು ಮುಗಿಯಿತೆಂದುಕೊಂಡು ಶೂ ಬಿಚ್ಚತೊಡಗಿದ.

ಆಗ ಒಳಗಿನಿಂದ ಸದ್ದು, ಗಾಜು ಒಡೆದ ಸದ್ದು, ಹೋಗಿ ನೋಡಿದರೆ ಅಡಿಗೆಮನೆಯ ನೆಲದ ತುಂಬ ನೀಲಿ ಗಾಜಿನ ಚೂರು, ನಾದಿನಿ ಕಪಾಟಿನ ಮೇಲಿಟ್ಟು ಕಾಪಾಡುವ ದೊಡ್ಡ ಬೋಗುಣಿ, ಅಪ್ಪನಿಗೆ ಅಂತ ಚೆನ್ನಾಗಿರೋದು ತೆಗೀತಿದ್ದೆ ಅತ್ತೆ ಎಂದಳು, ಆಗಲೇ ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಚೂರು ಹೆಕ್ಕುತ್ತಿದ್ದಾಳೆ, ಬೇಗ ಬೇಗ, ದೊಡ್ಡದನ್ನು ದೊಡ್ಡದರ ಜೊತೆ, ಚಿಕ್ಕದನ್ನು ಚಿಕ್ಕದರ ಜೊತೆ, ಅಚ್ಚುಕಟ್ಟಾಗಿ, ಬಿಡು ಪುಟ್ಟಿ, ಇಲ್ಲ ಅತ್ತೆ ಆಯ್ತು ಈಗ ಆಯ್ತು, ನೀವು ಕೂತ್ಕೊಳ್ಳಿ, ಅಮ್ಮಂಗೆ ಹೇಳ್ಬೇಡಿ, ನಾನೇ ಹೇಳ್ತೀನಿ, ಹುಷಾರಾದ್ಮೇಲೆ ಹೇಳ್ತೀನಿ, ನಾನು ಎದುರಿಗೆ ಕೂತೆ, ಮೊಣಕಾಲು ಕಿರುಗುಟ್ಟಿತು, ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡೆ, ಎಷ್ಟು ಸಣ್ಣ ಮಣಿಕಟ್ಟು, ಬಿಡಿ ಅತ್ತೆ ಎಂದು ಎಳೆದಳು, ಬಿಡಲಿಲ್ಲ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಬುದ್ಧಿಮಾತು ಒಂದೂ ನೆನಪಾಗಲಿಲ್ಲ, ಒಡೆದು ಹೋಗ್ಲಿ ಬಿಡು ಮಗಳೇ, ನಿನಗೆ ಅಮ್ಮ ಬೇಕಾ ಎಂದು ಕೇಳಿದೆ ಅಷ್ಟೇ, ಅವಳು ನನ್ನನ್ನು ನೋಡಿದಳು, ಇದಕ್ಕೆ ಉತ್ತರ ಕೊಡಬಹುದೋ ಕೊಡಬಾರದೋ ಎಂದು ನೋಡಿದಳು, ಆಮೇಲೆ ಒಂದೇ ಸಲಕ್ಕೆ ಅವಳ ಮೈಯೆಲ್ಲ ಸಡಿಲಾಗಿ ನನ್ನ ಮೇಲೆ ಬಿತ್ತು, ಬೇಕೂ ಎಂದು ಬಾಯಿ ಬಿಟ್ಟು ಅತ್ತಳು, ಚಿಕ್ಕವನಿಗಿಂತ ಚಿಕ್ಕವಳಾಗಿ, ಕಾಲು ಬಡಿದು, ಮೂಗು ಸೋರಿಸಿಕೊಂಡು, ನನ್ನ ಕುಪ್ಪಸದ ಭುಜವೆಲ್ಲ ಒದ್ದೆ, ತಮ್ಮ ಒಂದೇ ಕಾಲಲ್ಲಿ ಶೂ ಹಾಕಿಕೊಂಡು ಬಾಗಿಲಿಗೆ ಓಡಿ ಬಂದ, ಏನಾಯ್ತು ಅಕ್ಕ, ಏನಾಯ್ತು ಇವಳಿಗೆ, ಬೆದರಿದ್ದಾನೆ, ಮಗಳು ಹೀಗೆ ಅತ್ತದ್ದನ್ನು ಅವನು ನೋಡಿ ಎಷ್ಟು ಕಾಲವಾಯಿತೋ, ನಾನು ತಲೆಯೆತ್ತಿ ಅವನನ್ನು ನೋಡಿದೆ, ನಿನಗೇನಾಯ್ತು ಅಂದ್ಯಲ್ಲ, ಇದು ಆಗ್ಲಿಲ್ಲ ಕಣೋ ನನಗೆ, ಎಂದೆ, ಅವನು ಅಲ್ಲೇ ಚೌಕಟ್ಟು ಹಿಡಿದು ನಿಂತ, ಅರ್ಥವಾಗದವನ ಹಾಗೆ ಮೊದಲು, ಆಮೇಲೆ ಕಣ್ಣು ತಪ್ಪಿಸಿದ, ಪೊರಕೆ ಎಲ್ಲಿದೆ ಎಂದು ಕೇಳಿದ, ಹೇಳುವುದಕ್ಕೆ ಪುಟ್ಟಿ ಬಿಕ್ಕುತ್ತಲೇ ಮುಖ ಎತ್ತಿದಳು, ಬಾಗಿಲ ಹಿಂದಿದೆ ಅಪ್ಪ ಎನ್ನಲು ಹೋದಳು, ಬೇಡ, ನಿನಗೆ ಗೊತ್ತಿಲ್ಲ ಅಂತಿಟ್ಕೊ, ಅವನೇ ಹುಡುಕ್ಲಿ ಎಂದು ಅವಳ ತಲೆಯನ್ನು ಮತ್ತೆ ಒತ್ತಿಕೊಂಡೆ, ಅವನು ಹುಡುಕುತ್ತಿದ್ದಾನೆ, ಕಪಾಟು ತೆಗೆಯುತ್ತಾನೆ, ಸ್ಟೂಲು ಸರಿಸುತ್ತಾನೆ, ಸಿಗುತ್ತಿಲ್ಲ, ಸಿಗಲಿ ನಿಧಾನಕ್ಕೆ, ನಾಳೆ ಕಲಿಯಲು ಬರುವವರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎನ್ನಬೇಕು, ಬೊಬ್ಬೆಗೆ ಮುಲಾಮು ಹಚ್ಚಬೇಕು, ಮಾಡಬೇಕು, ಮಾಡೋಣ, ಅವಳು ಮತ್ತೆ ಶುರು ಮಾಡಿದಳು, ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬಾಯಿ ಅಗಲಕ್ಕೆ ತೆರೆದು, ಸದ್ದು ಹೊರಡುವ ಮೊದಲಿನ ಆ ಒಂದು ಗಳಿಗೆ, ಒಳಗೆ ಕೆಳದವಡೆಯ ಹಿಂಬದಿಯಲ್ಲಿ ಒಂದು ಹಾಲುಹಲ್ಲು, ಇನ್ನೂ ಬಿದ್ದಿಲ್ಲ, ಓರೆಯಾಗಿ ಅಲ್ಲಾಡುತ್ತಿದೆ, ಏಪ್ರನ್ ಕಟ್ಟಿಕೊಂಡು ಟೀ ಮಾಡ್ಲಾ ಎಂದು ಕೇಳಿದ್ದು ಇದೇ ಬಾಯಿ, ಅದರೊಳಗೆ ಈ ಹಲ್ಲು, ನಿನಗೂ ಇದ್ದಿರಬೇಕು ಆಗ, ಅಪ್ಪ ತಲೆ ಮೇಲೆ ಕೈಯಿಟ್ಟಾಗ, ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಯಾರು ನೋಡಿದರು, ಮತ್ತೆ ತೆರೆದಳು, ಮುಸುಕಿನ ಜೋಳದ ಕಾಳಿನಷ್ಟು, ಬೆಳ್ಳಗೆ, ಒಂದು ಹಾಲುಹಲ್ಲು